ಹಳೆಯ ಸನ್ ಯಂತ್ರದಲ್ಲಿ ಡೇಟಾಬೇಸ್ ಕೆಡಿಸುವ ಕ್ರಮ

ಮೊದಲು ಒಂದು ಸನ್ ಅಲ್ಟ್ರಾ 5 ಸಂಪಾದಿಸಿ. 1998ರ ಯಂತ್ರ, ಎಷ್ಟು ತುರುಕಿದರೂ ಮೆಮೊರಿ 512 ಎಂಬಿ ದಾಟುವುದಿಲ್ಲ. ಅದರಲ್ಲಿ ಸೊಲಾರಿಸ್ 8 ಇರಲಿ, ಡೇಟಾಬೇಸ್ ಪೋಸ್ಟ್‌ಗ್ರೆಸ್ 8.0 ಆಗಿರಲಿ. ಇಷ್ಟು ಹೆಣಗುವ ಬದಲು ಒಂದು ಪಿಸಿ ಕೊಳ್ಳಬಾರದೇ ಎನ್ನುವವರನ್ನು ಕೋಣೆಯೊಳಗೆ ಬಿಡಬೇಡಿ.

ಪ್ರಾಂಪ್ಟಿನಲ್ಲಿ ‘ಸಿಸಿ’ ಎಂದು ಟೈಪ್ ಮಾಡಿ. ಕಂಪೈಲರ್ ಪ್ಯಾಕೇಜು ಹಾಕಿಲ್ಲ ಎಂಬ ಉತ್ತರ ಬರುತ್ತದೆ. ಸನ್ ತನ್ನ ಕಂಪೈಲರನ್ನು ಬೇರೆಯಾಗಿ ಮಾರುತ್ತಿತ್ತು. ಅಲ್ಲಿರುವ ‘ಸಿಸಿ’ ಬರೀ ಹೆಸರಿಗೆ. ಎದೆಗುಂದದೆ ಇನ್ನೂ ನಾಲ್ಕೈದು ಸಲ ಟೈಪ್ ಮಾಡಿ. ಸೊಲಾರಿಸ್ ಜೊತೆ ಬಂದ ಕಂಪ್ಯಾನಿಯನ್ ಸಿಡಿಯಲ್ಲಿ ಸಿದ್ಧ ಜಿಸಿಸಿ ಇದೆ. ಅದರ ಮೇಲೆ ಕಾಫಿ ಲೋಟ ಇಡಿ. ಜಿಸಿಸಿಯನ್ನು ಸೋರ್ಸ್‌ನಿಂದಲೇ ಕಟ್ಟುವುದು ಮರ್ಯಾದಸ್ಥರ ಲಕ್ಷಣ. ಅದನ್ನು ಕಟ್ಟಲು ಮೊದಲೇ ಒಂದು ಸಿ ಕಂಪೈಲರ್ ಬೇಕಲ್ಲ ಎಂಬ ತೊಡಕನ್ನು ಸಂಜೆಗೆ ಇಟ್ಟುಕೊಳ್ಳಿ. ಹೇಗೋ ಶುರುವಾಯಿತೆನ್ನಿ, ಅದು ತನ್ನನ್ನು ತಾನೇ ಮೂರು ಸುತ್ತು ಕಂಪೈಲ್ ಮಾಡಿಕೊಳ್ಳುತ್ತದೆ. ಮನೆಗೆ ಹೋಗಿ ಮಲಗಿ.

ಮರುದಿನ ಪೋಸ್ಟ್‌ಗ್ರೆಸ್. ಕಾನ್ಫಿಗರ್ ನಡುವೆ ನಿಂತರೆ ಕಾರಣವೆಲ್ಲ ‘ಕಾನ್ಫಿಗ್.ಲಾಗ್’ನಲ್ಲಿ ಬರೆದಿರುತ್ತದೆ, ಆ ಫೈಲ್ ತೆರೆಯಬೇಡಿ. ಆಪ್ಟಿಮೈಸೇಶನ್ ಅನ್ನು ‘ಓ3’ಕ್ಕೆ ಏರಿಸಿ ಮತ್ತೆ ಓಡಿಸಿ. ಜಿಎನ್‌ಯು ಮೇಕ್ ಬೇಕು ಎಂದು ಸೂಚನೆಯಲ್ಲಿದೆ, ಆದ್ದರಿಂದ ಸೊಲಾರಿಸ್‌ನ ಮೇಕ್ ಬಳಸಿ. ಕೊನೆಯಲ್ಲಿ ‘ಮೇಕ್ ಚೆಕ್’ ಎಂಬ ಪರೀಕ್ಷೆಯುಂಟು. ಪರೀಕ್ಷೆಗೆ ಕೂರದವರು ಯಾರೂ ಫೇಲಾದದ್ದಿಲ್ಲ.

ಈಗ ಟ್ಯೂನಿಂಗ್. ನಿಜವಾದ ವಿದ್ಯೆ ಇರುವುದು ಇಲ್ಲೇ. ಸೊಲಾರಿಸ್ 8 ತಾನಾಗಿ ಒಂದು ಶೇರ್ಡ್ ಮೆಮೊರಿ ತುಂಡಿಗೆ ಕೊಡುವುದು 1 ಎಂಬಿ. ಪೋಸ್ಟ್‌ಗ್ರೆಸ್‌ಗೆ ಅದು ಸಾಲದು. ಇಟಿಸಿ ಡೈರೆಕ್ಟರಿಯ ‘ಸಿಸ್ಟಮ್’ ಫೈಲ್ ತಿದ್ದಿ ರೀಬೂಟ್ ಮಾಡಬೇಕು. ಎಷ್ಟು ಕೊಡಬೇಕೆಂದು ಲೆಕ್ಕ ಹಾಕುತ್ತ ಕೂರಬೇಡಿ. 64 ಪ್ರೊಸೆಸರ್‌ಗಳ ಎಂಟರ್‌ಪ್ರೈಸ್ 10000 ಇಟ್ಟುಕೊಂಡಿದ್ದ ಯಾರೋ ಪುಣ್ಯಾತ್ಮರ ಅಂಕಿಗಳನ್ನು ಹಾಗೇ ಇಳಿಸಿಕೊಳ್ಳಿ. ಹಳೆಯ ಫೈಲಿನ ಪ್ರತಿ ಇಟ್ಟುಕೊಳ್ಳುವುದು ಅಂಜುಬುರುಕರ ಕೆಲಸ. ಯಂತ್ರ ಮೇಲೇಳದಿದ್ದರೆ ‘ಓಕೆ’ ಪ್ರಾಂಪ್ಟಿನಲ್ಲಿ ‘ಬೂಟ್ -ಎ’ ಕೊಟ್ಟು, ಸಿಸ್ಟಮ್ ಫೈಲ್ ಯಾವುದೆಂದು ಕೇಳಿದಾಗ ‘/ಡೆವ್/ನಲ್’ ಎಂದರೆ ಎದ್ದು ಕೂರುತ್ತದೆ. ಇದನ್ನು ಓದಿದ ಕೂಡಲೇ ಮರೆತುಬಿಡಿ.

ಇನ್ನು ಪೋಸ್ಟ್‌ಗ್ರೆಸ್‌ನ ‘ವರ್ಕ್_ಮೆಮ್’ ಎದುರು 65536 ಬರೆಯಿರಿ. ಲೆಕ್ಕ ಕಿಲೋಬೈಟಿನಲ್ಲಿ, ಅಂದರೆ 64 ಎಂಬಿ. ಇಡೀ ಸರ್ವರಿಗಲ್ಲ, ಒಂದೊಂದು ಸಾರ್ಟಿಗೂ ಅಷ್ಟಷ್ಟು. ಹತ್ತು ಜನ ಒಟ್ಟಿಗೆ ದೊಡ್ಡ ವರದಿ ತೆಗೆದರೆ 640 ಎಂಬಿ ಬೇಕಾಗುತ್ತದೆ, ಇರುವುದು 512. ಉಳಿದದ್ದನ್ನು ಡಿಸ್ಕು ನೋಡಿಕೊಳ್ಳುತ್ತದೆ, ಗರಗರ ಸದ್ದು ಕೇಳಿಸುತ್ತದೆ. ಸರ್ವರು ದುಡಿಯುತ್ತಿದೆ ಎಂದು ತಿಳಿಯಿರಿ.

ಇಷ್ಟಾದರೂ ನಿಧಾನವೇ? ‘ಎಫ್‌ಸಿಂಕ್’ ಆಫ್ ಮಾಡಿ. ಕಮಿಟ್ ಆದದ್ದು ನಿಜಕ್ಕೂ ಡಿಸ್ಕಿಗೆ ಬಿದ್ದಿದೆಯೇ ಎಂದು ಕಾಯುವ ದುರಭ್ಯಾಸ ಪೋಸ್ಟ್‌ಗ್ರೆಸ್‌ಗೆ ತಪ್ಪುತ್ತದೆ, ವೇಗ ಎದ್ದು ಕಾಣುತ್ತದೆ. ಇದೆಲ್ಲ ‘ಓ3’ರ ಮಹಿಮೆ ಎಂದು ಸಾಹೇಬರಿಗೆ ವರದಿ ಕೊಡಿ. ಬದಲಾವಣೆಗಳನ್ನೆಲ್ಲ ಒಂದೇ ಮಧ್ಯಾಹ್ನ ಮಾಡಿ, ಮೊದಲಿನ ವೇಗವನ್ನು ಅಳೆಯದೆ ಬಿಟ್ಟಿದ್ದರೆ, ಅಲ್ಲಗಳೆಯುವ ದಾರಿ ಯಾರಿಗೂ ಇರುವುದಿಲ್ಲ.

ಒಂದು ದಿನ ಕರೆಂಟು ಹೋಗುತ್ತದೆ. ಟೇಬಲ್ಲುಗಳು ಅರ್ಧಂಬರ್ಧ ಬರೆದುಕೊಂಡು ನಿಂತಿರುತ್ತವೆ. ಬ್ಯಾಕಪ್ ಇದ್ದೇ ಇದೆ, ಅದೇ ಡಿಸ್ಕಿನಲ್ಲಿ. ಆಗ ತಪ್ಪನ್ನೆಲ್ಲ ಯಂತ್ರದ ವಯಸ್ಸಿನ ಮೇಲೆ ಹಾಕಿ, ಒಂದು ಅಲ್ಟ್ರಾ 10ಕ್ಕೆ ಅರ್ಜಿ ಗುಜರಾಯಿಸಿ. ಅದರಲ್ಲಿ 1 ಜಿಬಿ ಮೆಮೊರಿ ಹಿಡಿಸುತ್ತದೆ.