ಮಾಮಾನ ಸೊಂಟದ ಗುಟ್ಟು

ಭಾಲ್ಕಿಯ ನಮ್ಮ ಮಾಮಾನ ಹತ್ತಿರ ರಿವಾಲ್ವರ್ ಇದೆ ಎಂಬುದು ಇಡೀ ತಾಲೂಕಿಗೇ ಗೊತ್ತಿರುವ ಗುಟ್ಟು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ‘ನಿರ್ಭೀಕ್’ ಎಂಬ .32 ಬೋರಿನ ರಿವಾಲ್ವರ್ ಹೊರತಂದಿತ್ತು. ತೂಕ ಅರ್ಧ ಕೆಜಿ, ಬೆಲೆ 1.2 ಲಕ್ಷದ ಮೇಲೆ. ಹಗುರ ಎಂದು ಮಾಮಾ ಅದನ್ನೇ ಕೊಂಡರು. ಹೆಣ್ಣುಮಕ್ಕಳ ಪರ್ಸಿನಲ್ಲಿ ಹಿಡಿಯಲೆಂದು ಮಾಡಿದ ಮಾಲು ಅದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮರೂನ್ ಬಣ್ಣದ ಒಡವೆ ಪೆಟ್ಟಿಗೆಯಲ್ಲಿ ಅದು ಮನೆಗೆ ಬಂದಾಗ ಅತ್ತಿ ಹಿಗ್ಗಿದರು. ಮುಚ್ಚಳ ತೆಗೆದರು. ಮಾಮಾಗೆ ಆತ್ಮರಕ್ಷಣೆಯ ಅಗತ್ಯ ನಿಜವಾಗಿ ಬಿದ್ದದ್ದು ಆಗಲೇ.

ಅದನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಚರ್ಚೆ ಅಂದು ಹುಟ್ಟಿದ್ದು ಇನ್ನೂ ಮುಗಿದಿಲ್ಲ. ಔರಾದಿನ ಕಾಕಾ ಧೋತರದ ಪಕ್ಷ. “ಬೀಗ್ರೆ, ಧೋತ್ರದ ಗಂಟಿನ್ಯಾಗ ಸಿಗಿಸ್ರಿ, ಯಾರಿಗೂ ಕಾಣಂಗಿಲ್ಲ” ಅಂದರು. ಸಿಗಿಸಿಕೊಂಡು ಎದ್ದರೆ ಧೋತರವೂ ರಿವಾಲ್ವರೂ ಕೂಡಿಯೇ ಇಳಿಯತೊಡಗಿದವು. ಹಾಗಾದರೆ ಉಡದಾರಕ್ಕೆ ಕಟ್ಟೋಣವೆಂದರೆ, “ಅದನ್ನ ದೃಷ್ಟಿ ತಾಕಬಾರ್ದಂತ ಕಟ್ಟೋದು, ತೂಕ ಹೊರ್ಲಿ ಅಂತಲ್ಲ” ಎಂದು ಅತ್ತಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು.

ನೆಹರು ಶರ್ಟಿನ ಒಳಗೆ ಬೀದರಿನ ಟೇಲರ್ ಚಾಚಾ ಚೋರ್ ಕಿಸೆ ಹಚ್ಚಿಕೊಟ್ಟರು. ಹೊಲಿಗೆ ಗಟ್ಟಿಯಾಗಿಯೇ ಇತ್ತು. ಆದರೆ ಅರ್ಧ ಕೆಜಿ ಒಂದೇ ಕಡೆ ಜಗ್ಗಿ ಮಾಮಾ ಬಲಕ್ಕೆ ವಾಲಿ ನಡೆಯುವಂತಾಯಿತು. ಕಂಡವರೆಲ್ಲ ಸೊಂಟ ನೋವಿಗೆ ಔಷಧಿ ಹೇಳಿದರು. ಸಿನೆಮಾ ನೋಡಿ ಕೆಟ್ಟ ನನ್ನ ತಮ್ಮ “ಕಾಲಿಗೆ ಕಟ್ರಿ ಮಾಮಾ” ಅಂದ. ಮಾಮಾನ ಹೊಟ್ಟೆ ಬಲ್ಲ ಕಾಕಾ ನಕ್ಕರು: “ಇವ್ರು ಬಗ್ಗಿ ಅದನ್ನ ತೆಗಿಯೋದ್ರಾಗ ಕಳ್ಳ ಹುಮನಾಬಾದ್ ದಾಟಿರ್ತಾನ.” ಕಂಕುಳ ಕೆಳಗಿನ ಹೋಲ್ಸ್ಟರಿಗೆ ಮೇಲೊಂದು ಜಾಕೆಟ್ ಬೇಕು. ಬೀದರಿನ ಮೇ ತಿಂಗಳಲ್ಲಿ ಜಾಕೆಟ್ ತೊಟ್ಟವನನ್ನು ಕೊಲ್ಲಲು ಬೇರೆ ಶತ್ರು ಯಾಕೆ?

ಇಷ್ಟಾಗಿ, ಕಾನೂನು ಕೂಡ ಮುಚ್ಚಿಟ್ಟುಕೋ ಎಂದೇ ಹೇಳುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಅದು ಹೋಲ್ಸ್ಟರಿನಲ್ಲಿ, ಪೂರ್ತಿ ಮರೆಯಾಗಿ ಇರಬೇಕು. ಮದುವೆ ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಸಂಚಕಾರ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮಾಮಾನ ಸಂಕಟ ಇರುವುದು ಇಲ್ಲೇ. ಪೂರ್ತಿ ಮುಚ್ಚುವುದಾದರೆ ತಂದದ್ದು ಯಾಕೆ? ಹಾಗಾಗಿ ಮದುವೆ ಪಂಕ್ತಿಯಲ್ಲಿ ಹುಗ್ಗಿ ಬಡಿಸುವವನು ಎದುರಿಗೆ ಬಂದಾಗಲೇ ಅವರಿಗೆ ಸೆಕೆಯಾಗಿ ಶರ್ಟಿನ ಅಂಚು ಮೇಲೇಳುತ್ತದೆ. ಆಮೇಲೆ ತುಪ್ಪದ ಧಾರೆ ನಿಲ್ಲುವುದಿಲ್ಲ.

ತಪ್ಪು ಅವರದೊಬ್ಬರದೇ ಅಲ್ಲ. ಮುಚ್ಚಿಡುವ ವಿದ್ಯೆ ನಮ್ಮ ಜಿಲ್ಲೆಗೇ ಒಲಿದಿಲ್ಲ. ಬೀದರ್ ಕೋಟೆಯ ಬುರುಜುಗಳ ಮೇಲಿನ ತೋಪುಗಳನ್ನು ಯಾವ ಕಿಸೆಯಲ್ಲಿ ಹಾಕುತ್ತೀರಿ? ಒಮ್ಮೆ ಮದ್ದನ್ನು ಒಳಗಿಟ್ಟು ನೋಡಿದ್ದೂ ಆಯಿತು: 1472ರಲ್ಲಿ ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾದಲ್ಲಿ. 1696ರಲ್ಲಿ ಅದು ಸಿಡಿದು ಕಟ್ಟಡದ ಮುಂಭಾಗದ ಒಂದು ಪಾಲೇ ಹಾರಿಹೋಯಿತು. ಇನ್ನು ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಕಿರ್ಪಾಣ್ ತೊಟ್ಟವರನ್ನು ಕಂಡರೆ ಮಾಮಾಗೆ ಹೊಟ್ಟೆಕಿಚ್ಚು. ಸಿಖ್ಖರು ಅದನ್ನು ಧರಿಸುವುದು ಧರ್ಮಾಚರಣೆಯ ಭಾಗವೆಂದು ಸಂವಿಧಾನದ 25ನೇ ವಿಧಿಯೇ ಹೇಳಿದೆ. ಹೆಗಲಿಂದ ಇಳಿದ ಪಟ್ಟಿ, ಅದರಲ್ಲಿ ಕಿರ್ಪಾಣ್. ಟೇಲರ್ ಬೇಡ, ಚರ್ಚೆ ಬೇಡ.

ಚುನಾವಣೆ ಬಂತೆಂದರೆ ಲೈಸೆನ್ಸಿನ ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕೆಂದು ಆದೇಶ ಹೊರಡುತ್ತದೆ. 2024ರ ಮೇ 7ರ ಮತದಾನಕ್ಕೂ ಮುಂಚೆ ಮಾಮಾ ಒಪ್ಪಿಸಿ ಬಂದರು. ಇನ್ನಾದರೂ ನೆಟ್ಟಗೆ ನಡೆಯುತ್ತಾರೆ ಎಂದುಕೊಂಡೆವು. ನೆಟ್ಟಗೇನೋ ನಡೆದರು. ಠಾಣೆಯ ರಸೀದಿಯನ್ನು ತೆಳು ಬಿಳಿ ಶರ್ಟಿನ ಎದೆಯ ಕಿಸೆಯಲ್ಲಿ, ಮೊಹರು ಹೊರಗೆ ಕಾಣುವಂತೆ ಮಡಚಿಟ್ಟುಕೊಂಡು ಫಲಿತಾಂಶ ಬರುವತನಕ ಭಾಲ್ಕಿ ತುಂಬ ಓಡಾಡಿದರು. ಅದನ್ನು ಮುಚ್ಚಿಡಬೇಕೆಂದು ಯಾವ ನಿಯಮವೂ ಇಲ್ಲವಂತೆ, ವಿಚಾರಿಸಿಕೊಂಡೇ ಬಂದಿದ್ದರು.