ಡಾಕ್ಟರ್ ‘ರೇಟ್’ ಬೋರಣ್ಣ

‘ನಮ್ಮ ಸೈಟು ಬ್ರೋಕರ್ ಬೋರಣ್ಣಂಗೆ ಗೌರವ ಡಾಕ್ಟರೇಟ್ ಬಂದೈತೆ!’ ಟೀ ಅಂಗಡಿ ಬೆಂಚಿನ ಮೇಲೆ ಕೂರುತ್ತಾ ಅಂದ ನಂಜ.

‘ಡಾಕ್ಟರ್‌ ರೇಟು ಎಷ್ಟಂತೆ?’ ಕೆಂಚ ಕೇಳಿದ.

‘ಗೌರವ ಕಣ್ಲಾ ಅದು! ದುಡ್ಡಿನ ಮಾತು ಕೇಳ್ಬಾರ್ದು.’

‘ಕೇಳ್ಬಾರ್ದು ಸರಿ. ಕೊಡ್ಬಾರ್ದು ಅಂತೇನಿಲ್ವಲ್ಲ?’

‘ಅವ್ರು ಅಷ್ಟು ದೊಡ್ಡೋರಾ ಮೇಷ್ಟ್ರೇ?’

‘ಫ್ಲೆಕ್ಸು ಇಪ್ಪತ್ತಡಿ ಐತಲ್ಲಪ್ಪ’ ಎಂದರು ಮೇಷ್ಟ್ರು. (ನಿವೃತ್ತರು, ಅಳತೆಯಲ್ಲಿ ತಪ್ಪೋದಿಲ್ಲ.)

‘ಸಮಾಜಸೇವೇನೂ ಮಾಡವ್ರೆ. ಬಡಾವಣೆ ಪಾರ್ಕನ್ನ ತಮ್ಮ ಕಾಂಪೌಂಡ್ ಒಳಗೇ ಇಟ್ಕೊಂಡು ಕಾಪಾಡ್ತಾವ್ರೆ.’

‘ಮುಂದೆ ರಾಜ್ಯೋತ್ಸವ ಪ್ರಶಸ್ತೀನೂ ಬರ್ಬೋದಾ? 2024ರಲ್ಲಿ 69 ಜನಕ್ಕೆ ಕೊಟ್ರಲ್ಲ, ಸಾಧಕರು ಸರಿಯಾಗಿ ಅಷ್ಟೇ ಇದ್ರಾ?’

‘ಸಾಧಕರ ಲೆಕ್ಕ ಗೊತ್ತಿಲ್ಲ. 1956ರಿಂದ ಎಣಿಸಿದ್ರೆ ರಾಜ್ಯೋತ್ಸವ ಅಷ್ಟೇ!’

‘ಮತ್ತೆ ಬೋರಣ್ಣಂಗೆ ಶಾಲು, ಹಾರ, ಹಣ್ಣಿನ ಬುಟ್ಟಿ?’

‘ಸರ್ಕಾರಿ ಸಮಾರಂಭಕ್ಕೆ ಅವೆಲ್ಲ ಬೇಡ, ಕನ್ನಡ ಪುಸ್ತಕ ಕೊಡಿ ಅಂತ 2021ರಲ್ಲೇ ಆದೇಶ ಆಗೈತಲ್ಲ.’

‘ಪುಸ್ತಕಾನೂ ಕೊಟ್ರು ಮೇಷ್ಟ್ರೇ. ಹಣ್ಣಿನ ಬುಟ್ಟಿ ಅಲ್ಲಾಡ್ದಂಗೆ ಅದ್ರ ಕೆಳ್ಗೆ ಇಟ್ಕೊಂಡ್ರು.’

‘ನಲವತ್ತು ವರ್ಷ ಪಾಠ ಹೇಳಿದ್ರಲ್ಲ, ನಿಮ್ಗೇನೂ ಬರ್ಲಿಲ್ವಾ?’

‘ಬಂತಲ್ಲಪ್ಪ’ ಎಂದು ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದರು. ಬೋರಣ್ಣನವರ ಸನ್ಮಾನ ಸಮಿತಿಯ ರಸೀದಿ, ಐನೂರು ರೂಪಾಯಿ.