ಬೀದಿಚಿತ್ರ ಮೀಮಾಂಸೆ

ಅನುಬಂಧ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ, ಬೀದಿಯಲ್ಲಿ ತಮ್ಮ ಪಾಡಿಗೆ ತಾವಿರುವವರ ಚಿತ್ರ ತೆಗೆಯುವ ಬಗೆ. ಪ್ರಯೋಜನ, ಲೈಕು. ಸಂಬಂಧ, ಇಎಂಐ ಮುಗಿಯುವ ತನಕ ಕ್ಯಾಮೆರಾಕ್ಕೂ ಅದರ ಒಡೆಯನಿಗೂ ಇರುವಂಥದ್ದು. ಅಧಿಕಾರಿ ಯಾರೆಂದರೆ, ವಾರವಿಡೀ ಕಂಪ್ಯೂಟರಿನ ಮುಂದೆ ಕೂತು, ಭಾನುವಾರ ಬೆಳಗಿನ ಜಾವ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಪ್ರತ್ಯಕ್ಷನಾಗುವ, ಕೊರಳಲ್ಲಿ ಕ್ಯಾಮೆರಾ, ಬೆನ್ನಲ್ಲಿ ಚೀಲ, ಕಾಲಲ್ಲಿ ಆ ಕೆಸರಿಗೆ ಸಲ್ಲದ ಬಿಳಿ ಬೂಟು ಉಳ್ಳ ಸಾಧಕ. ಹೂ ಕೊಳ್ಳಲು ಬಂದವರಿಗೆ ಇಲ್ಲಿ ಅಧಿಕಾರವಿಲ್ಲ.

ಲಕ್ಷಣ ಪ್ರಕರಣ

ತೆಗೆಸಿಕೊಳ್ಳುವವರ ಅರಿವಿಗೆ ಬಾರದಂತೆ ತೆಗೆದದ್ದು ಕ್ಯಾಂಡಿಡ್ ಎಂದು ಪ್ರಾಚೀನರ ಲಕ್ಷಣ. ಇದರಲ್ಲಿ ತರ್ಕಶಾಸ್ತ್ರದ ಮೂರೂ ದೋಷಗಳು ತುಂಬಿಕೊಂಡಿವೆ. ಹೆಲ್ಮೆಟ್ ಇಲ್ಲದ ಸವಾರನನ್ನು ಸಿಗ್ನಲ್ ಕಂಬದ ಕ್ಯಾಮೆರಾ ಹಿಡಿದದ್ದೂ ಕ್ಯಾಂಡಿಡ್ಡೇ ಆಗಿ, ದಂಡದ ನೋಟಿಸಿಗೆ ಕಟ್ಟು ಹಾಕಿಸಿ ಪ್ರದರ್ಶನಕ್ಕಿಡಬೇಕಾಗುವುದರಿಂದ ಅತಿವ್ಯಾಪ್ತಿ. ಮಾರ್ಕೆಟ್ಟಿನ ಹೂವಾಡಗಿತ್ತಿಯ ಕಣ್ಣಿಗೆ ಸಾಧಕನು ದೂರದಿಂದಲೇ ಬಿದ್ದಿರುತ್ತಾನಾಗಿ, ಅಲ್ಲಿ ತೆಗೆದ ಚಿತ್ರಗಳೆಲ್ಲ ಲಕ್ಷಣದ ಹೊರಗುಳಿದು ಅವ್ಯಾಪ್ತಿ. ಮೊಣಕೈಯುದ್ದದ ಲೆನ್ಸು ಹಿಡಿದವನನ್ನು ಯಾರೂ ಗಮನಿಸದಿರುವುದು ಆಗಹೋಗದ ಮಾತಾದ್ದರಿಂದ ಅಸಂಭವ.

ಆದಕಾರಣ ಪರಿಷ್ಕೃತ ಲಕ್ಷಣ: ಗೊತ್ತಿದ್ದೂ ಕ್ಯಾರೇ ಅನ್ನದವರ ಚಿತ್ರವೇ ಕ್ಯಾಂಡಿಡ್. ಇದಕ್ಕೆ ಶಬ್ದಪ್ರಮಾಣ, ಸೇವಂತಿಗೆ ರಾಶಿಯ ಬಳಿ ನಡೆಯುವ ಈ ಗುರುಶಿಷ್ಯ ಸಂವಾದ:

“ಅಮ್ಮಾ, ನಾನಿಲ್ಲಿ ಇಲ್ಲ ಅಂದ್ಕೊಳ್ಳಿ. ನ್ಯಾಚುರಲ್ಲಾಗಿರಿ.”

“ನೀನಿಲ್ದಿದ್ರೆ ನ್ಯಾಚುರಲ್ಲಾಗೇ ಇರ್ತಿದ್ದೆ ಕಣಪ್ಪಾ. ಆಕಡೆ ನಿಂತ್ಕೋ, ಗಿರಾಕಿ ಬರ್ಲಿ.”

ಆಕಡೆ ನಿಂತ ಮೇಲೆ, ಬೆಳಕು ಅಲ್ಲಿಂದಲೇ ಚೆನ್ನಾಗಿದೆಯೆಂದು ಶಿಷ್ಯನಿಗೆ ತಿಳಿಯುತ್ತದೆ. ಗುರುವು ಅಷ್ಟರಲ್ಲಿ ಎರಡು ಮಾರು ಮಲ್ಲಿಗೆ ಅಳೆದುಕೊಟ್ಟಾಗಿರುತ್ತದೆ.

ಚೌಕಟ್ಟು ಪ್ರಕರಣ

ಸೂತ್ರ: ನಿಂತವನಿಗೆ ಚಿತ್ರ, ಅಲೆದವನಿಗೆ ಕಾಲುನೋವು.

ಭಾಷ್ಯ: ಇಲ್ಲಿ ಎರಡು ಮತಗಳುಂಟು. ಬೇಟೆಯ ಮತದವರು ಮುಖ ಹುಡುಕಿಕೊಂಡು ಓಡುತ್ತಾರೆ. ಗಾಳದ ಮತದವರು ಮೊದಲು ಗೋಡೆಯನ್ನೋ ಮೆಟ್ಟಿಲನ್ನೋ ಬಿಸಿಲಿನ ಪಟ್ಟಿಯನ್ನೋ ಆರಿಸಿಕೊಂಡು, ಮನುಷ್ಯ ತಾನಾಗಿ ಬಂದು ಅದರೊಳಗೆ ಕಾಲಿಡಲೆಂದು ಕಾಯುತ್ತಾರೆ. ಹೆನ್ರಿ ಕಾರ್ಟಿಯೆ-ಬ್ರೆಸ್ಸಾನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ಬೇಲಿಯ ಸಂದಿನಿಂದ ಲೈಕಾ ತೂರಿಸಿ ತೆಗೆದ ಚಿತ್ರ ಎರಡೂ ಮತದವರಿಗೆ ಪ್ರಮಾಣ. ಒಬ್ಬಾತ ನಿಂತ ನೀರು ದಾಟಲು ಹಾರಿದ್ದಾನೆ, ಹಿಮ್ಮಡಿ ಇನ್ನೂ ನೀರಿಗೆ ತಾಗಿಲ್ಲ. ಹಿಂದಿನ ಗೋಡೆಯ ಪೋಸ್ಟರಿನಲ್ಲಿ ನರ್ತಕಿಯೂ ಹಾಗೆಯೇ ಹಾರಿದ್ದಾಳೆ. ಕ್ರಾಪ್ ಎಂದರೆ ಮೈಲಿಗೆ ಎನ್ನುತ್ತಿದ್ದ ಆ ಋಷಿಯ ಅತಿ ಪ್ರಸಿದ್ಧ ಚಿತ್ರವೇ ಕ್ರಾಪ್ ಆದದ್ದು, ಬೇಲಿಯ ಹಲಗೆ ಎಡಗಡೆ ಬಂದುಬಿಟ್ಟಿತ್ತು. ಇದು ಆರ್ಷಪ್ರಯೋಗ. ನಮ್ಮ ಸಾಧಕನು ಅನುಸರಿಸಿದರೆ ಹಲಗೆಯೊಂದೇ ಉಳಿದೀತು.

ಆ ಋಷಿಯ 1952ರ ಗ್ರಂಥದ ಇಂಗ್ಲಿಷ್ ಆವೃತ್ತಿಯಿಂದ ‘ನಿರ್ಣಾಯಕ ಕ್ಷಣ’ ಎಂಬ ಮಹಾವಾಕ್ಯ ಹೊರಟಿತು. ಇದನ್ನು ನಂಬದವರಿಗೆ ನ್ಯೂಯಾರ್ಕಿನ ಗ್ಯಾರಿ ವಿನೋಗ್ರಾಂಡ್ ಆಚಾರ್ಯರು. ಅವರು 1984ರಲ್ಲಿ ತೀರಿಕೊಂಡಾಗ ತೊಳೆಯದೆ ಉಳಿದ ಫಿಲ್ಮ್ ರೋಲುಗಳೇ ಸುಮಾರು 2,500. ರೋಲಿಗೆ 36ರಂತೆ 90,000 ಕ್ಷಣಗಳು, ಯಾವುದು ನಿರ್ಣಾಯಕವೆಂದು ಅವರೂ ನೋಡಲಿಲ್ಲ. ಭಾನುವಾರದ ಸಾಧಕನ ಮೆಮೊರಿ ಕಾರ್ಡು ಈ ಪಂಥಕ್ಕೆ ಸೇರಿದ್ದು.

ವಿನಿಯೋಗ: 35 ಮಿ.ಮೀ. ಲೆನ್ಸು, ಎಫ್8, ಫೋಕಸನ್ನು ಎರಡೂವರೆ ಮೀಟರಿಗೆ ಕಟ್ಟಿಬಿಡುವುದು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಸುಮಾರು 1.7 ಮೀಟರಿನಿಂದ 4.9 ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟ. ಆಮೇಲೆ ಬೆರಳಿಗೆ ಕೆಲಸ ಒಂದೇ, ಕ್ಯಾಮೆರಾ ‘ಬೀಪ್’ ಎಂದು ತಡಕಾಡುವುದಿಲ್ಲ. ಹತ್ತಿರ ಹೋಗಲು ಧೈರ್ಯವಿಲ್ಲದವರಿಗೆ ಮಹಡಿಯ ಕಟಕಟೆಗೆ ಒರಗಿ ಕೆಳಗಿನ ಹೂರಾಶಿ ತೆಗೆಯುವ ಗೌಣವಿಧಿಯಿದೆ. ಅದೊಂದೇ ಚಿತ್ರವನ್ನು ಊರೆಲ್ಲ ತೆಗೆದಾಗಿರುವುದರಿಂದ, ಅದು ಹೊಸತಾಗಿ ತೆಗೆಯುವುದಲ್ಲ, ಪಾರಾಯಣ.

ವರ್ಣ ಪ್ರಕರಣ

ಈಗ ಗ್ರಂಥದ ಹೃದಯ. ಬಣ್ಣವೋ, ಕಪ್ಪುಬಿಳುಪೋ?

ಪೂರ್ವಪಕ್ಷ: ಕಪ್ಪುಬಿಳುಪೇ ಸನಾತನ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಹೆಸರು ಮಾಡಿದ್ದು ಅದರಲ್ಲೇ. ಯುಕ್ತಿಯೂ ಇದೆ: ಡಿಜಿಟಲ್ ಕ್ಯಾಮೆರಾದ ಸೆನ್ಸರಿಗೆ ಹುಟ್ಟಾ ಬಣ್ಣವೇ ಗೊತ್ತಿಲ್ಲ, ಅದು ಅಳೆಯುವುದು ಬೆಳಕಿನ ಹೆಚ್ಚುಕಡಿಮೆಯನ್ನು. ಮೇಲೆ ಹೊದಿಸಿದ ಕೆಂಪು, ಹಸಿರು, ನೀಲಿ ಫಿಲ್ಟರಿನಿಂದ ಬಣ್ಣದ ಭ್ರಾಂತಿ. ಈ ಮಾಯೆಯ ಪರದೆ ಕಳಚಿದ ಕ್ಯಾಮೆರಾವನ್ನು ಲೈಕಾ ಕಂಪನಿ 2012ರಲ್ಲಿ ‘ಮೊನೊಕ್ರೋಮ್’ ಎಂದು ತಂದು, ಬಣ್ಣ ಬರುವ ತನ್ನ ಎಂ9ಕ್ಕಿಂತ ಹೆಚ್ಚು ಬೆಲೆಗೆ ಮಾರಿತು. ವೈರಾಗ್ಯ ಅಗ್ಗವೆಂದು ಯಾರು ಹೇಳಿದರು?

ಉತ್ತರಪಕ್ಷ: 1976ರಲ್ಲಿ ವಿಲಿಯಂ ಎಗಲ್‌ಸ್ಟನ್ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಬಣ್ಣದ ಚಿತ್ರ ತೂಗುಹಾಕಿದಾಗ ವಿಮರ್ಶಕರು ಹರಿಹಾಯ್ದರು. ಈಗ ಆ ಪ್ರದರ್ಶನಕ್ಕೇ ಜಯಂತಿ ಆಚರಿಸುತ್ತಾರೆ. ಜೈಪುರದ ರಘುಬೀರ್ ಸಿಂಗ್ ಅಂತೂ ಭಾರತೀಯರು ನೋಡುವುದೇ ಬಣ್ಣದಲ್ಲಿ ಎಂದು ವಾದಿಸಿ, ಬದುಕಿಡೀ ಬಣ್ಣವನ್ನು ಬಿಡಲಿಲ್ಲ. ಜೋಯೆಲ್ ಮೇರೋವಿಟ್ಜ್ ಒಂದು ಕಾಲದಲ್ಲಿ ಎರಡು ಕ್ಯಾಮೆರಾ ನೇತುಹಾಕಿಕೊಂಡು, ಒಂದೇ ದೃಶ್ಯವನ್ನು ಬಣ್ಣದಲ್ಲೂ ಕಪ್ಪುಬಿಳುಪಿನಲ್ಲೂ ತೆಗೆದು ತಾಳೆ ನೋಡಿದರು. ಶಾಸ್ತ್ರಾರ್ಥಕ್ಕೆ ಇದೇ ಸರಿಯಾದ ದಾರಿ.

ಪ್ರಯೋಗ: ಬಾಳೆಲೆಯ ಮೇಲೆ ಸುತ್ತಿಟ್ಟ ಕನಕಾಂಬರದ ದಂಡೆ ತೆಗೆದುಕೊಳ್ಳಿ. ಬಣ್ಣ ಕಳೆಯಿರಿ. ಹೂವಿನ ಕಿತ್ತಳೆಗೂ ಎಲೆಯ ಹಸಿರಿಗೂ ಹೊಳಪು ಹತ್ತಿರಹತ್ತಿರವಿದ್ದರೆ ಎರಡೂ ಒಂದೇ ಬೂದಿಯಾಗಿ, ಹೂ ಎಲ್ಲಿ ಮುಗಿಯಿತು, ಎಲೆ ಎಲ್ಲಿ ಶುರುವಾಯಿತು ತಿಳಿಯದು. ಪಕ್ಕದ ಅಂಗಡಿಯ ಅರಿಸಿನದ ಗುಡ್ಡೆ ವಿಭೂತಿಯಂತೆ ಬೆಳ್ಳಗಾಗುತ್ತದೆ, ಕುಂಕುಮ ಇದ್ದಿಲಾಗುತ್ತದೆ. ಸುಮಂಗಲಿಯರ ಅಂಗಡಿ ಬೈರಾಗಿಯ ಜೋಳಿಗೆಯಾಯಿತು. ಇಲ್ಲಿ ಬಣ್ಣ ಬಿಡುವುದು ದೋಷ.

ಇನ್ನು ನೀಲಿ ಟಾರ್ಪಾಲಿನ ಕೆಳಗೆ ಬನ್ನಿ. ಮೇಲಿಂದ ನೀಲಿ, ಬದಿಯಿಂದ ಎಲ್‌ಇಡಿ ಬಲ್ಬಿನ ಹಸಿರು ಛಾಯೆ. ಮೂಟೆ ಹೊತ್ತವನ ಮುಖ ಅರ್ಧ ಕೃಷ್ಣ, ಅರ್ಧ ಕಾಮಾಲೆ. ಹಿಂದೆ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದು ನೋಡುವವರ ಕಣ್ಣನ್ನು ಎಳೆದುಕೊಂಡು ಕೂತಿದೆ. ಬಣ್ಣ ಕಳೆದರೆ ಕುರ್ಚಿ ಬಾಯಿಮುಚ್ಚುತ್ತದೆ. ಬಾಗಿದ ಬೆನ್ನು, ಬಿಗಿದ ಕತ್ತು, ಮೇಲಿಂದ ಬಿದ್ದ ಬೆಳಕು ಇಷ್ಟೇ ಉಳಿದು ಚಿತ್ರ ಎದ್ದು ನಿಲ್ಲುತ್ತದೆ. ಇಲ್ಲಿ ಬಣ್ಣ ಹಿಡಿಯುವುದು ದೋಷ.

ಸಿದ್ಧಾಂತ ಸೂತ್ರ: ಬಣ್ಣ ತೆಗೆದರೂ ನಿಲ್ಲುವುದು ಕಪ್ಪುಬಿಳುಪು, ಬಣ್ಣ ತೆಗೆದರೆ ಬೀಳುವುದು ಬಣ್ಣ, ಎರಡರಲ್ಲೂ ಬೀಳುವುದು ಡಿಲೀಟ್.

ಮೂರನೆಯ ವರ್ಗವನ್ನು ಕಪ್ಪುಬಿಳುಪು ಮಾಡಿ, ಗ್ರೇನ್ ಉದುರಿಸಿ, ‘ಬದುಕಿನ ಬಂಡಿ’ ಎಂದು ಹೆಸರಿಡುವ ಪದ್ಧತಿ ಶಿಷ್ಟರಲ್ಲಿ ರೂಢಿಯಲ್ಲಿದೆ. ಇದನ್ನು ಶಾಸ್ತ್ರವು ಪ್ರಾಯಶ್ಚಿತ್ತವಿಲ್ಲದ ಪಾಪದಲ್ಲಿ ಎಣಿಸುತ್ತದೆ.

ಸುಕ್ಕಿನ ವಿಚಾರ

ನಿಂಬೆಹಣ್ಣು ಮಾರುವ ಅಜ್ಜನ ಸುಕ್ಕುಗಳನ್ನು ಕಾಂಟ್ರಾಸ್ಟ್ ಏರಿಸಿ ಉಳುಮೆಯ ಹೊಲ ಮಾಡುವುದು ಸರ್ವತ್ರ ಕಾಣುತ್ತದೆ. ಮಾಲಿನಲ್ಲಿ ಪಾಪ್‌ಕಾರ್ನ್ ತಿನ್ನುವ ಅದೇ ವಯಸ್ಸಿನವರಿಗೆ ಈ ಸಂಸ್ಕಾರ ಯಾಕಿಲ್ಲವೆಂಬುದು ಪ್ರಶ್ನೆ. ಬಡವರ ಸುಕ್ಕು ಕಲೆ, ಉಳ್ಳವರ ಸುಕ್ಕು ಖಾಸಗಿ ವಿಷಯ ಎಂಬುದು ಸದ್ಯದ ಸಮಾಧಾನ. ಆ ಅಜ್ಜ ತನ್ನ ಮೊಮ್ಮಗಳ ಮದುವೆಗೆ ಕರೆಸುವ ಫೋಟೊಗ್ರಾಫರನಿಗೆ ಹೇಳುವುದೇ ಬೇರೆ: ಕಲರ್ ಆಲ್ಬಮ್ಮು, ಮುಖ ಬೆಳ್ಳಗೆ ಬರಲಿ, ಸುಕ್ಕು ಒರೆಸಿಬಿಡು. ಚಿತ್ರ ಯಾರದೋ ಅವರ ಅಭಿಪ್ರಾಯ ಇದು. ಹೀಗಾಗಿ ಎಲ್ಲ ಭಾಷ್ಯಕಾರರೂ ಇದನ್ನು ಪ್ರಕ್ಷಿಪ್ತವೆಂದು ಕೈಬಿಟ್ಟಿದ್ದಾರೆ.

ಫಲಶ್ರುತಿ

ಈ ಗ್ರಂಥವನ್ನು ಭಾನುವಾರ ನಸುಕಿನಲ್ಲಿ ಪಠಿಸಿದವರಿಗೆ ಪಾರ್ಕಿಂಗ್ ಸಿಗುವುದು. ಎರಡು ಸಲ ಪಠಿಸಿದವರ ಬೂಟು ಬಿಳಿಯಾಗಿಯೇ ಉಳಿಯುವುದು. ಮೊದಲು ಒಂದು ಮೊಳ ಹೂ ಕೊಂಡು ಆಮೇಲೆ ಕ್ಯಾಮೆರಾ ಎತ್ತಿದವರಿಗೆ ಬೈಗುಳ ಅರ್ಧ ಕಡಿಮೆ. ಮುಂದಿನ ವಾರ ಚಿತ್ರದ ಪ್ರಿಂಟು ತಂದುಕೊಟ್ಟವರಿಗೆ ಒಂದು ಗೇಣು ಹೂ ಹೆಚ್ಚಿಗೆ, “ಕಲರ್ ಇರ್ಲಿಲ್ವಾ?” ಎಂಬ ವಿಮರ್ಶೆ ಉಚಿತ. ತೆಗೆದ ಚಿತ್ರಗಳನ್ನು ಒಮ್ಮೆಯೂ ತಿರುಗಿ ನೋಡದವರಿಗೂ, ಪ್ರೀಸೆಟ್ ಮಾರುವವರಿಗೂ ಇದನ್ನು ಉಪದೇಶಿಸಕೂಡದು.